ಬಿಷಪ್‌ನ ಕೊಂದದ್ದು ಅಮೆರಿಕ ಅಲ್ಲ ಸ್ವಾಮಿ!

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಇಟ್ಕೊಂಡು ಕೂತಿದ್ದೆ. ಬೆಳಗ್ಗೆ ಹಳೇ ಎಪಿಸೋಡ್ ಕೆಳಗೆ ಒಬ್ರು ಹಾಕಿರೋ ಕಾಮೆಂಟ್ ನೋಡಿ ತಲೆ ಕೆಟ್ಟುಹೋಯ್ತು. "ಅಮೆರಿಕ ಮಾರಿಸ್ ಬಿಷಪ್‌ನ ಕೊಲ್ಲದೇ ಇದ್ದಿದ್ರೆ ಗ್ರೆನಡಾ ಇವತ್ತು ಸಮಾಜವಾದಿ ಸ್ವರ್ಗ ಆಗಿರ್ತಿತ್ತು." ಅದಕ್ಕೆ ಲೈಕ್‌ಗಳ ಸುರಿಮಳೆ ಬೇರೆ. (ಬಿಷಪ್ ಅಂದ್ರೆ ಇಲ್ಲಿ ಪಾದ್ರಿ ಅಲ್ಲ, ಗ್ರೆನಡಾದ ಪ್ರಧಾನಿ ಆಗಿದ್ದವರ ಹೆಸರು.)

ಸ್ವಾಮಿ, ಕ್ಯಾಲೆಂಡರ್ ತೆಗೀರಿ. ಬಿಷಪ್ ಸತ್ತದ್ದು 1983ರ ಅಕ್ಟೋಬರ್ 19. ಅಮೆರಿಕದ ಸೈನ್ಯ ಇಳಿದದ್ದು ಅಕ್ಟೋಬರ್ 25. ಮಧ್ಯ ಆರು ದಿನ! ಕೊಂದವರು ಅವರದ್ದೇ ಕ್ರಾಂತಿಯ ಸೈನಿಕರು. ಇದನ್ನ ಖಂಡಿಸಿದವರಲ್ಲಿ ಫಿಡೆಲ್ ಕ್ಯಾಸ್ಟ್ರೋ ಕೂಡ ಇದ್ರು. ಕ್ಯಾಸ್ಟ್ರೋನೂ ಅಮೆರಿಕದ ಏಜೆಂಟ್ ಅಂತೀರಾ?

ಗೊತ್ತಿಲ್ಲದವರಿಗೆ ಹೇಳ್ತೀನಿ. ಗ್ರೆನಡಾ ಕೆರಿಬಿಯನ್‌ನಲ್ಲಿರೋ ಪುಟ್ಟ ದ್ವೀಪ, ಬಾವುಟದ ಮೇಲೇ ಜಾಯಿಕಾಯಿ ಚಿತ್ರ ಇದೆ. ಎರಿಕ್ ಗೇರಿ ಅನ್ನೋ ಪ್ರಧಾನಿ, 'ಮಂಗೂಸ್ ಗ್ಯಾಂಗ್' ಅಂತ ರೌಡಿಗಳನ್ನ ಬಿಟ್ಟು ವಿರೋಧಿಗಳನ್ನ ಹೊಡಿಸ್ತಿದ್ದ. 1979ರ ಮಾರ್ಚ್ 13ರಂದು, ಅವನು ದೇಶದಲ್ಲಿ ಇಲ್ಲದಾಗ, ಬಿಷಪ್ ಅವರ ಪಕ್ಷ ನ್ಯೂ ಜ್ಯೂಯೆಲ್ ಮೂವ್‌ಮೆಂಟ್ ಅಧಿಕಾರ ಹಿಡೀತು. ಅಲ್ಲಿನ ಜನ ಅದನ್ನ ಇವತ್ತಿಗೂ ಪ್ರೀತಿಯಿಂದ 'ರೆವೊ' ಅಂತಾರೆ. ದೊಡ್ಡವರಿಗೆ ಅಕ್ಷರ ಕಲಿಸಿದ್ರು, ಕ್ಯೂಬಾದ ನೆರವಿಂದ ಏರ್‌ಪೋರ್ಟ್ ಕಟ್ಟೋಕೆ ಶುರು ಮಾಡಿದ್ರು. ಒಳ್ಳೇ ಕೆಲಸ, ನಾನು ಇಲ್ಲ ಅನ್ನಲ್ಲ. ಆ ಕ್ರಾಂತಿ ಉಳೀಬೇಕಿತ್ತು ಅನ್ನೋರಲ್ಲಿ ನಾನೂ ಒಬ್ಬ.

ಆದ್ರೆ ಮೊದಲ ದಿನ ರೇಡಿಯೋದಲ್ಲಿ ಇನ್ನೊಂದು ಮಾತು ಕೊಟ್ಟಿದ್ರಲ್ಲ, ಚುನಾವಣೆ? ನಾಲ್ಕೂವರೆ ವರ್ಷ ಒಂದೇ ಒಂದು ಮತಪೆಟ್ಟಿಗೆ ಇಡಲಿಲ್ಲ! ಪತ್ರಿಕೆ ಮುಚ್ಚಿಸಿದ್ರು, ವಿಚಾರಣೆ ಇಲ್ಲದೇ ಜನರನ್ನ ಜೈಲಿಗೆ ಹಾಕಿದ್ರು.

"ಅಮೆರಿಕ ಬಾಗಿಲಲ್ಲಿ ಕೂತಿತ್ತು, ಆಗ ಎಂಥಾ ಚುನಾವಣೆ?" ಅಂತೀರಿ. ಅಯ್ಯೋ, ಆಗ ಚುನಾವಣೆ ಇಟ್ಟಿದ್ರೆ ಬಿಷಪ್ ಕಣ್ಣುಮುಚ್ಚಿ ಗೆಲ್ತಿದ್ರು! ಗೆದ್ದಿದ್ರೆ ಪಕ್ಷದ ಒಂದು ಕೋಣೆಯಲ್ಲಿ ಕೂತವರು, "ಇನ್ಮೇಲೆ ನಾಯಕತ್ವ ನಿಮಗೂ ಉಪಪ್ರಧಾನಿ ಬರ್ನಾರ್ಡ್ ಕೋರ್ಡ್‌ಗೂ, ಇಬ್ಬರಿಗೂ ಸೇರಿ" ಅಂತ ಹೇಳೋಕೆ ಆಗ್ತಿತ್ತಾ? ಒಪ್ಪಲಿಲ್ಲ ಅಂತ ಪ್ರಧಾನಿಯನ್ನೇ ಗೃಹಬಂಧನದಲ್ಲಿ ಇಡೋಕೆ ಆಗ್ತಿತ್ತಾ? 1983ರಲ್ಲಿ ಆದದ್ದು ಅದೇ.

ಅಕ್ಟೋಬರ್ 19ರ ಬೆಳಗ್ಗೆ ಸಾವಿರಾರು ಜನ ಬಿಷಪ್ ಮನೆಗೆ ನುಗ್ಗಿ ಅವರನ್ನ ಬಿಡಿಸಿಕೊಂಡು ಕೋಟೆಗೆ ಕರ್ಕೊಂಡು ಹೋದ್ರು. ಫೋರ್ಟ್ ರೂಪರ್ಟ್. ರೂಪರ್ಟ್ ಅಂದ್ರೆ ಬಿಷಪ್ ಅವರ ತಂದೆ, 1974ರಲ್ಲಿ ಗೇರಿಯ ಪೊಲೀಸರ ಗುಂಡಿಗೆ ಸತ್ತವರು. ಅಪ್ಪನ ಹೆಸರಿನ ಆ ಕೋಟೆಯೊಳಗೆ ಮಗನನ್ನ, ಜೊತೆಗೆ ಶಿಕ್ಷಣ ಮಂತ್ರಿಯಾಗಿದ್ದ ಜಾಕ್ವೆಲಿನ್ ಕ್ರೆಫ್ಟ್ ಸೇರಿ ಇನ್ನೂ ಏಳು ಜನರನ್ನ, ಗೋಡೆಗೆ ನಿಲ್ಲಿಸಿ ಹೊಡೆದ್ರು. ಬಿಷಪ್ ದೇಹ ಇವತ್ತಿನವರೆಗೂ ಸಿಕ್ಕಿಲ್ಲ. ಇದನ್ನ ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತೆ. ಅವತ್ತು ಬೀದಿಗೆ ಬಂದದ್ದು ಮತದಾರರು ಕಣ್ರೀ! ಅವರ ಕೈಗೆ ಚೀಟಿ ಕೊಟ್ಟಿರಲಿಲ್ಲ, ಅದಕ್ಕೇ ಕಾಲಲ್ಲಿ ನಡೆದು ಬಂದು ಮತ ಹಾಕಿದ್ರು.

ಅಮೆರಿಕ ಮಾಡಿದ್ದು ಸರಿಯಾ? ಅಲ್ಲವೇ ಅಲ್ಲ. ವಿಶ್ವಸಂಸ್ಥೆಯ ಮಹಾಸಭೆ 108ಕ್ಕೆ 9 ಮತಗಳಿಂದ ಛೀಮಾರಿ ಹಾಕ್ತು. ಆ ನವೆಂಬರ್‌ನಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ನಾಯಕರು ಸೇರಿದಾಗಲೂ ಗ್ರೆನಡಾದ್ದೇ ಮಾತು. ಅಲ್ಲಿ ಅತಿಥೇಯರಾಗಿ ಕೂತಿದ್ದವರು ಯಾರು? ಇಂದಿರಾ ಗಾಂಧಿ. ತುರ್ತು ಪರಿಸ್ಥಿತಿ ಹೇರಿ, 1977ರಲ್ಲಿ ಸೋತು, 1978ರಲ್ಲಿ ನಮ್ಮ ಚಿಕ್ಕಮಗಳೂರಿಂದ ಗೆದ್ದು ಸಂಸತ್ತಿಗೆ ವಾಪಸ್ ಬಂದವರು. ಮತಪೆಟ್ಟಿಗೆ ಇದ್ರೆ ಸೋತವರು ಚಿಕ್ಕಮಗಳೂರಿಗೆ ಬರ್ತಾರೆ. ಇಲ್ಲದಿದ್ರೆ ಗೋಡೆಗೆ ನಿಲ್ತಾರೆ! ಇಷ್ಟೇ ನಾನು ಹೇಳ್ತಿರೋದು, ಇಷ್ಟೇ!

ಹಾಂ, ಸಬ್‌ಸ್ಕ್ರೈಬ್ ಮಾಡದೇ ನೋಡ್ತಿರೋರು ದಯವಿಟ್ಟು ಬಟನ್ ಒತ್ತಿ. ಇಂಥ ವಿಷಯ ಕನ್ನಡದಲ್ಲಿ ಮಾತಾಡೋರು ಕಡಿಮೆ.

"ಸಣ್ಣ ದೇಶ, ಬಡ ಜನ, ಅವರಿಗೆ ಮೊದಲು ಅನ್ನ, ಆಮೇಲೆ ಚುನಾವಣೆ" ಅಂತ ಇನ್ನೊಬ್ಬ ಮಹಾನುಭಾವರು. ಬೇಡ. ಈ ಮಾತು ನನ್ನ ಹತ್ರ ಬೇಡ. ಬಡವನಿಗೆ ಓಟು ಬೇಡ ಅನ್ನೋಕೆ ನೀವ್ಯಾರು? ಟಿಲ್ಮನ್ ಥಾಮಸ್ ಅಂತ ಒಬ್ಬ ವಕೀಲರು, ಸ್ವತಂತ್ರ ಪತ್ರಿಕೆ ಮಾಡೋಕೆ ಹೋಗಿದ್ದಕ್ಕೆ ಬಿಷಪ್ ಸರ್ಕಾರವೇ 1981ರಲ್ಲಿ ಜೈಲಿಗೆ ಹಾಕಿತ್ತು. 2008ರಲ್ಲಿ ಜನ ಮತ ಹಾಕಿ ಅವರನ್ನ ಪ್ರಧಾನಿ ಮಾಡಿದ್ರು. 2009ರಲ್ಲಿ ಅದೇ ಥಾಮಸ್, ಅದೇ ಏರ್‌ಪೋರ್ಟ್‌ಗೆ, ಮಾರಿಸ್ ಬಿಷಪ್ ಹೆಸರಿಟ್ಟರು! ತನ್ನನ್ನ ಜೈಲಿಗಟ್ಟಿದವರ ಹೆಸರು!

ಆರು ದಿನ, ಸ್ನೇಹಿತರೇ. ಮುಂದಿನ ಕಾಮೆಂಟ್ ಹಾಕೋ ಮೊದಲು ಬೆರಳು ಮಡಚಿ ಎಣಿಸಿ. ಅಲ್ಲಿನ ಸೇಂಟ್ ಜಾರ್ಜಸ್‌ನಲ್ಲಿ ಮೆಡಿಕಲ್ ಓದ್ತಿರೋ ಕನ್ನಡದ ಮಕ್ಕಳು ಯಾರಾದ್ರೂ ನೋಡ್ತಿದ್ರೆ, ಒಂದು ಸಲ ಆ ಕೋಟೆ ಹತ್ತಿ. ಆ ಗೋಡೆಯ ಒಂದು ಫೋಟೊ ನನಗೆ ಕಳಿಸಿ.