ಹಗ್ಗ ಕಲ್ಲಿಗೆ ತಾಕಬಾರದು

ಮಂಡ್ಯ ಕಡೆಯ ಹಳೆಯ ಸೇದೋ ಬಾವಿಗಳ ಕಟ್ಟೆಗಲ್ಲನ್ನು ನೀವೆಲ್ಲ ನೋಡಿರುತ್ತೀರಿ. ರಾಟೆ ಇಲ್ಲದ ಕಡೆ ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳಗಲ ಗೆರೆ ಬಿದ್ದಿರುತ್ತದೆ. ಅಷ್ಟರಲ್ಲಿ ಸವೆದು ಹೋದ ಹಗ್ಗಗಳ ಲೆಕ್ಕ ಇಟ್ಟವರಿಲ್ಲ. ಬಾವಿಯಲ್ಲಿ ಹಗ್ಗ ಹರಿದರೆ ಕೊಡ ಹೋಯಿತು, ಅಷ್ಟೆ. ಕಡಿದಾದ ಗುಹೆಗೆ ಹಗ್ಗದಲ್ಲಿ ಇಳಿಯುವಾಗ ಆ ಹಗ್ಗದ ತುದಿಗೆ ಮನುಷ್ಯ ಇರುತ್ತಾನೆ.

ನಮ್ಮದು ಗ್ರಾನೈಟು, ನೈಸ್ ಶಿಲೆಯ ನೆಲ. ಮೇಘಾಲಯದ ಸುಣ್ಣಕಲ್ಲಿನಂತೆ ಇದು ನೀರಿಗೆ ಕರಗಿ ಗುಹೆಯಾಗುವುದಿಲ್ಲ. ಇಲ್ಲಿ ಸಿಗುವುದು ಬಂಡೆಗಳ ನಡುವಿನ ಸಂದು. ಗ್ರಾನೈಟಿನ ಮೈ ಉಪ್ಪುಕಾಗದದ ಹಾಗೆ. ಆದ್ದರಿಂದ ಅಂಚಿನ ವಿಷಯದಲ್ಲಿ ನಾವು ಇನ್ನೂ ಎಚ್ಚರವಾಗಿರಬೇಕು.

20 ಮೀಟರ್ ಆಳದ ಸಂದು ಅಂದುಕೊಳ್ಳಿ. ಆಧಾರದಿಂದ (ಹಗ್ಗ ಕಟ್ಟುವ ಜಾಗ) ಅಂಚಿನವರೆಗಿನ ದೂರ, ಗಂಟುಗಳು, ಕೆಳಗೆ ಉಳಿಯಬೇಕಾದ ಹಗ್ಗ ಎಲ್ಲ ಸೇರಿ 30 ಮೀಟರ್ ಬೇಕು. 10 ಮಿಲಿಮೀಟರ್ ದಪ್ಪದ, ಹೆಚ್ಚು ಹಿಗ್ಗದ ಸ್ಟಾಟಿಕ್ ಹಗ್ಗವೇ ಆಗಬೇಕು. ಹೊಸ ಹಗ್ಗ ನೆನೆದರೆ ಕುಗ್ಗುತ್ತದೆ. ಮೊದಲೇ ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಅಳೆಯಿರಿ. ತುದಿಗೆ ಒಂದು ಮೀಟರ್ ಮೊದಲೇ ತಡೆಗಂಟು ಹಾಕಿ. ಹಗ್ಗ ನೆಲ ಮುಟ್ಟದಿದ್ದರೆ ಜೀವ ಉಳಿಸುವುದು ಆ ಗಂಟು.

ಹಗ್ಗ ಸವೆಯುವುದು ಇಳಿಯುವಾಗಿನದಕ್ಕಿಂತ ಹತ್ತುವಾಗ ಹೆಚ್ಚು. ಹಗ್ಗವನ್ನು ಕಚ್ಚಿ ಹಿಡಿದು ಮೇಲೇರಲು ನೆರವಾಗುವ ಅಸೆಂಡರ್‌ನಲ್ಲಿ ಒಂದು ಹೆಜ್ಜೆಗೆ ಸುಮಾರು 40 ಸೆಂಟಿಮೀಟರ್ ಏರಿದರೆ 20 ಮೀಟರಿಗೆ 50 ಹೆಜ್ಜೆ. ಪ್ರತಿ ಹೆಜ್ಜೆಗೂ ಹಗ್ಗ ಹಿಗ್ಗಿ ಕುಗ್ಗಿ ಅಂಚಿನ ಅದೇ ಜಾಗದಲ್ಲಿ ಗರಗಸದಂತೆ ಆಡುತ್ತದೆ. ಮೂವರು ಹತ್ತಿದರೆ 150 ಸಲ. ಬಂಡೆ ಹತ್ತುವವರ ಡೈನಾಮಿಕ್ ಹಗ್ಗ ಇಲ್ಲಿ ಬೇಡ ಅನ್ನುವುದು ಇದಕ್ಕೇ: ಅದು ಹೆಚ್ಚು ಹಿಗ್ಗುತ್ತದೆ, ಹೆಚ್ಚು ಉಜ್ಜುತ್ತದೆ.

ಸರಿಯಾದ ದಾರಿ ಎಂದರೆ ಆಧಾರವನ್ನೇ ಅಂಚಿನಿಂದ ಕೆಳಗೆ, ಹಗ್ಗ ನೇರವಾಗಿ ತೂಗುವಂತೆ ಹಾಕುವುದು. ಎರಡು ಬೇರೆ ಬೇರೆ ಆಧಾರ ಇರಲಿ; ಅವುಗಳಿಂದ ಬರುವ ಹಗ್ಗಗಳ ನಡುವಿನ ಕೋನ 90 ಡಿಗ್ರಿ ದಾಟದಿರಲಿ. 120 ಡಿಗ್ರಿಗೆ ಹೋದರೆ ಒಂದೊಂದರ ಮೇಲೂ ಪೂರ್ತಿ ಭಾರವೇ ಬೀಳುತ್ತದೆ. ನಡುವೆ ಕಲ್ಲು ಚಾಚಿದ್ದರೆ ಅಲ್ಲಿ ಮತ್ತೊಂದು ಆಧಾರ ಕೊಟ್ಟು ಹಗ್ಗ ಮರುಕಟ್ಟಿ. ಆ ಕಡೆ ಬಿಡುವ ಸಡಿಲು ತೀರ ಕಡಿಮೆಯಾದರೆ ದಾಟುವವರು ಸಿಕ್ಕಿಕೊಳ್ಳುತ್ತಾರೆ, ಜಾಸ್ತಿಯಾದರೆ ಬೀಳುವ ದೂರ ಹೆಚ್ಚುತ್ತದೆ. ಏನೂ ಆಗದಿದ್ದರೆ ಮಡಿಸಿದ ಗೋಣಿಚೀಲ ಇಡಿ, ಆದರೆ ಅದನ್ನು ಬೇರೆ ದಾರದಿಂದ ಬಿಗಿಯಿರಿ. ಸುಮ್ಮನೆ ಇಟ್ಟ ಗೋಣಿ ಹತ್ತನೇ ಹೆಜ್ಜೆಗೇ ಜಾರಿರುತ್ತದೆ.

ಇಳಿಯುವ ಮುಂಚೆ ಡಿಸೆಂಡರ್ (ಹಗ್ಗದಲ್ಲಿ ನಿಧಾನವಾಗಿ ಇಳಿಸುವ ಲೋಹದ ಸಾಧನ) ಮೇಲೆ ಪೂರ್ತಿ ಭಾರ ಹಾಕಿ ನೋಡಿ. ಆಧಾರಕ್ಕೆ ಸಿಕ್ಕಿಸಿದ ಸುರಕ್ಷಾ ಕೊಂಡಿ ಬಿಚ್ಚುವುದು ಆಮೇಲೆ. ಸರ್ರನೆ ಇಳಿದರೆ ಲೋಹ ಕಾದು ಹಗ್ಗದ ಮೇಲ್ಹೊದಿಕೆ ಕರಗಿ ಹೊಳಪಾಗುತ್ತದೆ. ಇಳಿಯುವುದರಿಂದ ಹತ್ತುವುದಕ್ಕೆ, ಹತ್ತುವುದರಿಂದ ಇಳಿಯುವುದಕ್ಕೆ ನೇತಾಡುತ್ತಲೇ ಬದಲಾಯಿಸಲು ಬಾರದವರನ್ನು ದಯವಿಟ್ಟು ಕೆಳಗೆ ಬಿಡಬೇಡಿ. ಸೊಂಟ, ತೊಡೆಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್‌ನಲ್ಲಿ ಅಲುಗಾಡದೆ ತೂಗಿದವರಿಗೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು.

ಗಾಳಿ ಕೆಟ್ಟಿದೆಯೋ ಎಂದು ದೀಪ ಇಳಿಸಿ ನೋಡುವುದನ್ನು ನಂಬಬೇಡಿ. ದೀಪ ಆರುವ ಮೊದಲೇ ಉಸಿರು ಕಟ್ಟಬಹುದು, ಗ್ಯಾಸ್ ಮೀಟರ್ ಬೇಕು. ಹೆಜ್ಜೇನಿನ ಹುಟ್ಟಿ ಕಂಡರೆ ವಾಪಸ್.

ಮನೆಗೆ ಬಂದ ಮೇಲೆ ಹಗ್ಗವನ್ನು ತಣ್ಣೀರಲ್ಲಿ ತೊಳೆದು, ಇಡೀ ಉದ್ದ ಬೆರಳ ನಡುವೆ ಹಾಯಿಸಿ. ಎಲ್ಲಿ ಚಪ್ಪಟೆ, ಎಲ್ಲಿ ಟೊಳ್ಳು ಅನಿಸುತ್ತದೋ, ಎಲ್ಲಿ ಒಳಗಿನ ಬಿಳಿ ಎಳೆ ಇಣುಕುತ್ತದೋ ಅಲ್ಲೇ ಕತ್ತರಿಸಿ. ಉಳಿದ ತುಂಡುಗಳನ್ನು ಹೊಸದಾಗಿ ಅಳೆದು, ಉದ್ದವನ್ನು ತುದಿಯಲ್ಲೇ ಬರೆದಿಡಿ.