ತಾಲ್ಲೂಕು ಕಾಲೇಜಿನಲ್ಲಿ ಕಂಟೆಂಪರರಿ ಡ್ಯಾನ್ಸ್

ಕೇಳುಗರಿಗೆ ನಮಸ್ಕಾರ.

ಪಿಯುಸಿ ಮುಗಿಸಿದ ಹುಡುಗಿಯೋ ಹುಡುಗನೋ ಮನೆಯಲ್ಲಿ "ನಾನು ಕಂಟೆಂಪರರಿ ಡ್ಯಾನ್ಸ್ ಕಲೀತೀನಿ, ಅದನ್ನೇ ಉದ್ಯೋಗ ಮಾಡ್ಕೋತೀನಿ" ಅಂದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಮೊದಲ ಮಾತು, "ಹೊಟ್ಟೆಗೇನು ಮಾಡ್ತೀಯ?" ಎರಡನೆಯದು, "ಅದೆಲ್ಲ ಬೆಂಗಳೂರಿನವರಿಗೆ, ನಮ್ಮೂರಲ್ಲಿ ಯಾರು ಕಲಿಸ್ತಾರೆ?" ಮೊದಲನೆಯದು ನ್ಯಾಯವಾದ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದಕ್ಕೆ ಮಾತ್ರ ನನ್ನ ತಕರಾರಿದೆ. ಈ ನೃತ್ಯವನ್ನು ಸಾಕಿದ್ದರಲ್ಲಿ ಸಣ್ಣ ಊರಿನ ಕಾಲೇಜುಗಳ ಪಾಲು ದೊಡ್ಡದು.

ಟಿವಿ ರಿಯಾಲಿಟಿ ಶೋ ನೋಡಿದವರಿಗೆ ಕಂಟೆಂಪರರಿ ಅಂದರೆ ಒಂದು ದುಃಖದ ಹಾಡು, ಸ್ವಲ್ಪ ಹೊಗೆ, ಹುಡುಗ ಹುಡುಗಿಯನ್ನು ಎತ್ತಿ ತಿರುಗಿಸುವುದು, ಕೊನೆಗೆ ಜಡ್ಜ್ ಕಣ್ಣೊರೆಸಿಕೊಳ್ಳುವುದು. ಅದೂ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಕಂಟೆಂಪರರಿ ಅಂದರೆ ಸಮಕಾಲೀನ ನೃತ್ಯ, ಶಾಸ್ತ್ರೀಯ ಚೌಕಟ್ಟಿನಾಚೆ ದೇಹದ ಚಲನೆಯಿಂದ ಕಟ್ಟುವ ನೃತ್ಯ. ಆ ಎರಡು ನಿಮಿಷದ ಹಿಂದೆ ಸುಮಾರು ನೂರು ವರ್ಷದ ಪಾಠ ಇದೆ.

ಅಮೆರಿಕದ ಈಶಾನ್ಯದಲ್ಲಿ ವರ್ಮಾಂಟ್ ಅಂತ ಗುಡ್ಡಗಾಡಿನ ಒಂದು ಪುಟ್ಟ ರಾಜ್ಯ. ಅಲ್ಲಿ ಬೆನ್ನಿಂಗ್ಟನ್ ಎಂಬ ಊರು. 1932ರಲ್ಲಿ ಅಲ್ಲೊಂದು ಹೆಣ್ಣುಮಕ್ಕಳ ಕಾಲೇಜು ಶುರುವಾಯಿತು. ದೇಶಕ್ಕೆ ದೇಶವೇ ಆರ್ಥಿಕವಾಗಿ ನೆಲಕಚ್ಚಿದ್ದ ಕಾಲ. ಬೇಸಿಗೆ ರಜೆಯಲ್ಲಿ ಕಟ್ಟಡ ಸುಮ್ನೆ ಖಾಲಿ ಬಿದ್ದಿರುತ್ತದಲ್ಲ, ಅಲ್ಲಿ ನೃತ್ಯಶಾಲೆ ನಡೆಸೋಣ ಅಂತ ಮಾರ್ತಾ ಹಿಲ್ ಎಂಬ ಮೇಡಂ ಹೊರಟರು. 1934ರಲ್ಲಿ ಶುರು. ಕಲಿಸುವುದಕ್ಕೆ ಬಂದವರು ಮಾರ್ತಾ ಗ್ರಹಾಂ, ಡೋರಿಸ್ ಹಂಫ್ರಿ, ಚಾರ್ಲ್ಸ್ ವೈಡ್‌ಮನ್, ಹಾನ್ಯಾ ಹೋಮ್. ಇವತ್ತು ನೃತ್ಯದ ಚರಿತ್ರೆ ಬರೆಯುವವರು ಈ ನಾಲ್ಕು ಹೆಸರು ಬಿಟ್ಟು ಬರೆಯುವಂತಿಲ್ಲ. ಅವರು ನ್ಯೂಯಾರ್ಕಿನಿಂದ ಸಾಮಾನು ಕಟ್ಟಿಕೊಂಡು ಈ ಸಣ್ಣ ಊರಿಗೆ ಬರುತ್ತಿದ್ದರು.

ನನಗೆ ಮುಖ್ಯ ಅನಿಸುವುದು ಕಲಿಯುವುದಕ್ಕೆ ಬಂದವರು ಯಾರು ಅನ್ನುವುದು. ಹೆಚ್ಚಿನವರು ಮೇಷ್ಟ್ರುಗಳು, ಅದರಲ್ಲೂ ಶಾಲೆ ಕಾಲೇಜುಗಳ ಪಿ.ಟಿ. ಟೀಚರುಗಳು. ಬೇಸಿಗೆಯ ಕೆಲವು ವಾರ ಇಲ್ಲಿ ಕಲಿತು ತಮ್ಮ ತಮ್ಮ ಊರಿಗೆ ಹೋದರು, ಅಲ್ಲಿನ ಜಿಮ್ ಹಾಲ್‌ನಲ್ಲಿ ಕ್ಲಾಸ್ ಶುರು ಮಾಡಿದರು, ಆಮೇಲೆ ತಾವು ಯಾರ ಹತ್ತಿರ ಕಲಿತರೋ ಅವರ ತಂಡವನ್ನೇ ಕರೆಸಿ ಆ ಜಿಮ್ ಹಾಲ್‌ನಲ್ಲೇ ಪ್ರದರ್ಶನ ಮಾಡಿಸಿದರು. ನ್ಯೂಯಾರ್ಕಿನ ತಂಡಗಳಿಗೆ ಊರೂರು ಸುತ್ತುವ ಒಂದು ದಾರಿ ಆಯಿತು, ನಾಲ್ಕು ಕಾಸೂ ಬಂತು. ಮೇಷ್ಟ್ರು ತಯಾರಾದ ಕಡೆ ಪ್ರೇಕ್ಷಕರೂ ತಯಾರಾದರು. ನಮ್ಮಲ್ಲಿ ಡ್ಯಾನ್ಸ್ ಕೋರ್ಸ್ ಅಂದ ಕೂಡಲೇ ಎಲ್ಲರಿಗೂ ಸ್ಟೇಜ್ ಮೇಲಿನ ಸ್ಟಾರ್ ಕಣ್ಣಿಗೆ ಬರುತ್ತಾನೆ. ಬೆನ್ನಿಂಗ್ಟನ್ ಗೆದ್ದದ್ದು ಕಲಿಸುವವರನ್ನು ತಯಾರು ಮಾಡಿದ್ದರಿಂದ. ತಾಲ್ಲೂಕು ಕಾಲೇಜಿನಲ್ಲಿ ಕೋರ್ಸ್ ಮಾಡುವವರು ಹಿಡಿಯಬೇಕಾದ ದಾರಿಯೂ ಅದೇ ಅಂತ ನನ್ನ ಲೆಕ್ಕ.

ಅಂದ ಹಾಗೆ, ದೊಡ್ಡ ಪ್ರದರ್ಶನಕ್ಕೆ ಅಲ್ಲಿ ಸರಿಯಾದ ಥಿಯೇಟರ್ ಇರಲಿಲ್ಲ. 1935ರಲ್ಲಿ ಗ್ರಹಾಂ ಅವರ 'ಪನೋರಮಾ' ಮೊದಲ ಬಾರಿ ಆಡಿದ್ದು ಊರಿನ ಆರ್ಮರಿಯಲ್ಲಿ, ಅಂದರೆ ಸೈನಿಕರು ಕವಾಯತು ಮಾಡುವ ಹಾಲ್‌ನಲ್ಲಿ. ಆದ್ದರಿಂದ "ನಮ್ಮ ಕಾಲೇಜಿಗೆ ಆಡಿಟೋರಿಯಂ ಇಲ್ಲ ಸಾರ್" ಅನ್ನುವ ಪ್ರಿನ್ಸಿಪಾಲರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಇನ್ನೊಂದು ಎಳೆ ಇದೆ. ಗ್ರಹಾಂ ಕಲಿಸಿದ ವಿಧಾನ 1960ರ ದಶಕದಲ್ಲಿ ಲಂಡನ್ನಿಗೆ ಹೋಯಿತು, ಅಲ್ಲಿ ಅದಕ್ಕಾಗಿಯೇ ಶಾಲೆ ಹುಟ್ಟಿತು. ಆ ಶಾಲೆಯಲ್ಲಿ ಓದಿದವರಲ್ಲಿ ಕೇರಳದ ಜಯಚಂದ್ರನ್ ಪಾಲಾಳಿ ಒಬ್ಬರು. 1992ರಲ್ಲಿ ಹುಟ್ಟಿದ, ಬೆಂಗಳೂರಿನ ಅಟ್ಟಕ್ಕಳರಿ ಸಂಸ್ಥೆಯ ಹಿಂದೆ ಇದ್ದವರು ಅವರು. ಅಲ್ಲಿ ಕಳರಿಪಯಟ್ಟು, ಭರತನಾಟ್ಯದ ಜೊತೆ ಕಂಟೆಂಪರರಿ ಕಲಿಸುವ ಡಿಪ್ಲೊಮಾ ನಡೆಯಿತು. ಅದಕ್ಕೂ ಮೊದಲೇ ನಮ್ಮ ಮಾಯಾ ರಾವ್ ಸೋವಿಯತ್ ರಷ್ಯಾಕ್ಕೆ ಹೋಗಿ ಕೊರಿಯೋಗ್ರಫಿ, ಅಂದರೆ ನೃತ್ಯ ಸಂಯೋಜನೆ ಕಲಿತು ಬಂದಿದ್ದರು. ದೆಹಲಿಯಲ್ಲಿ ಕಟ್ಟಿದ ಸಂಸ್ಥೆಯನ್ನು 1980ರ ದಶಕದಲ್ಲಿ ಬೆಂಗಳೂರಿಗೆ ತಂದರು. ಕಥಕ್ ಹಿನ್ನೆಲೆಯಿಂದ ಬಂದು ಕೊರಿಯೋಗ್ರಫಿಯನ್ನು ಕಾಲೇಜಿನ ವಿಷಯ ಮಾಡುವುದಕ್ಕೆ ದುಡಿದವರು ಅವರು. ಅಂದರೆ ಕರ್ನಾಟಕಕ್ಕೆ ಇದು ಹೊಸದಲ್ಲ. ಬೆಂಗಳೂರು ದಾಟಿ ಜಾಸ್ತಿ ಹೊರಗೆ ಬಂದಿಲ್ಲ, ಅಷ್ಟೇ.

ಹಳ್ಳಿಯಲ್ಲಿ ಕೂತು ಕಲೆಯ ತರಬೇತಿ ಕೊಡಬಹುದಾ ಅಂತ ಅನುಮಾನ ಇರುವವರು ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಒಂದು ಸಲ ಹೋಗಿ ಬನ್ನಿ. ನೀನಾಸಮ್ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಕಲಿತ ಹುಡುಗರು ಆಮೇಲೆ ಏನು ಮಾಡಬೇಕು ಅನ್ನುವ ಪ್ರಶ್ನೆ ಬಂದಾಗ 1985ರಲ್ಲಿ ತಿರುಗಾಟ ಬಂತು, ತಂಡ ನಾಟಕ ಹೊತ್ತು ರಾಜ್ಯ ಸುತ್ತಿತು. ಅಲ್ಲಿ ನಾಟಕ, ನಾನು ಹೇಳುತ್ತಿರುವುದು ನೃತ್ಯ. ಆದರೆ ಲೆಕ್ಕಾಚಾರ ಒಂದೇ ಅಲ್ವಾ?

ಈಗ ನೆಲದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕೆಂದರೆ ಬೇರೆ ಯಾರೂ ಮಾತಾಡುವುದಿಲ್ಲ.

ಕಂಟೆಂಪರರಿಯಲ್ಲಿ ಅರ್ಧ ಕೆಲಸ ನೆಲದ ಮೇಲೆ. ಉರುಳಬೇಕು, ಜಾರಬೇಕು, ನೆಗೆದು ಇಳಿಯಬೇಕು, ಬೇಕಂತಲೇ ಬೀಳಬೇಕು. ನೆಗೆದು ಇಳಿದಾಗ ಕಾಲಿನ ಮೇಲೆ ಬೀಳುವ ಭಾರ ನಿಮ್ಮ ತೂಕದ ಹಲವು ಪಟ್ಟು. ನಮ್ಮ ಕಾಲೇಜುಗಳ ಸೆಮಿನಾರ್ ಹಾಲ್‌ನಲ್ಲಿ ಏನಿರುತ್ತದೆ? ಸಿಮೆಂಟ್ ಮೇಲೆ ಟೈಲ್ಸ್, ಇಲ್ಲವೇ ಗ್ರಾನೈಟ್. ಅದು ಒಂದಿಷ್ಟೂ ಬಗ್ಗುವುದಿಲ್ಲ, ಹಾಗಾಗಿ ಪೆಟ್ಟೆಲ್ಲ ವಾಪಸ್ ಎಲುಬಿಗೇ. ದಿನಾ ನಾಲ್ಕು ಗಂಟೆ ಅಂಥ ನೆಲದಲ್ಲಿ ನೆಗೆದರೆ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ನೋಯುವುದಕ್ಕೆ ಶುರುವಾಗುತ್ತದೆ, ಅದನ್ನೂ ಲೆಕ್ಕಿಸದೆ ಮುಂದುವರಿಸಿದರೆ ಎಲುಬಿನಲ್ಲಿ ಸಣ್ಣ ಬಿರುಕು ಬಿಡುವುದೂ ಇದೆ. ಆಮೇಲೆ ಎಷ್ಟು ಪ್ರತಿಭೆ ಇದ್ದು ಏನು ಪ್ರಯೋಜನ?

ಇದಕ್ಕೆ ಬೇಕಾದದ್ದು ಸ್ಪ್ರಂಗ್ ಫ್ಲೋರ್, ಸ್ವಲ್ಪ ಮಿಡಿಯುವ ನೆಲ. ಹೆಸರು ಕೇಳಿ ಗಾಬರಿಯಾಗಬೇಡಿ, ನಿಮ್ಮೂರಿನ ಬಡಗಿ ಮಾಡಿಕೊಡಬಹುದು. ಸಿಮೆಂಟ್ ನೆಲದ ಮೇಲೆ ರಬ್ಬರ್ ತುಂಡುಗಳು, ಅದರ ಮೇಲೆ ಮರದ ರೀಪರ್, ಅದರ ಮೇಲೆ ಎರಡು ಪದರ ಪ್ಲೈವುಡ್, ಮೇಲಿನ ಪದರದ ಸಂದು ಕೆಳಗಿನ ಸಂದಿಗೆ ಸರಿಯಾಗಿ ಕೂರದ ಹಾಗೆ. ಸ್ಕ್ರೂ ತಲೆ ಒಂದೂ ಮೇಲೆ ಬರಬಾರದು. ದುಡ್ಡಿದ್ದರೆ ಅದರ ಮೇಲೆ ವಿನೈಲ್ ಹಾಸು. ಮಲೆನಾಡು, ಕರಾವಳಿ ಕಡೆಯಾದರೆ ಕೆಳಗೆ ಗಾಳಿ ಆಡುವುದಕ್ಕೆ ಜಾಗ ಬಿಡಿ, ಇಲ್ಲದಿದ್ದರೆ ಎರಡೇ ಮಳೆಗಾಲಕ್ಕೆ ಪ್ಲೈವುಡ್ ಉಬ್ಬುತ್ತದೆ, ಗೆದ್ದಲಿಗೂ ಹಬ್ಬ. ಇಷ್ಟು ಮಾಡಿದ ಮೇಲೆ ಆ ಹಾಲ್‌ಗೆ ಬೀಗ ಹಾಕಿ, ಬೀಗದ ಕೈ ಡ್ಯಾನ್ಸ್ ವಿಭಾಗದ ಹತ್ತಿರವೇ ಇರಲಿ. ಇಲ್ಲದಿದ್ದರೆ ಯಾವುದೋ ಸಮಾರಂಭಕ್ಕೆ ಕಬ್ಬಿಣದ ಕುರ್ಚಿ ಎಳೆದಾಡುತ್ತಾರೆ, ಎಲೆಕ್ಷನ್ ಬಂದರೆ ಮತಗಟ್ಟೆ ಆಗುತ್ತದೆ.

"ಕಬಡ್ಡಿ ಮ್ಯಾಟ್ ಇದೆಯಲ್ಲ, ಅದರ ಮೇಲೆ ಮಾಡಿ" ಅನ್ನುತ್ತಾರೆ ಕೆಲವರು. ಬೀಳುವುದನ್ನು, ಉರುಳುವುದನ್ನು ಕಲಿಯುವುದಕ್ಕೆ ಮ್ಯಾಟ್ ಒಳ್ಳೆಯದು. ಒಂದೇ ಕಾಲಿನ ಮೇಲೆ ತಿರುಗುವುದಕ್ಕೆ ಬೇಡ. ಪಾದ ಮ್ಯಾಟಿಗೆ ಅಂಟಿಕೊಳ್ಳುತ್ತದೆ, ದೇಹ ತಿರುಗುತ್ತದೆ, ನಡುವೆ ಮಂಡಿ ಸಿಕ್ಕಿಕೊಳ್ಳುತ್ತದೆ.

ಇನ್ನು ಪಾಠ. ರೇಡಿಯೋದಲ್ಲಿ ನೃತ್ಯ ತೋರಿಸುವುದಕ್ಕಾಗುವುದಿಲ್ಲ, ಆದರೆ ಒಂದು ಸಣ್ಣ ಕೆಲಸ ಈಗಲೇ ಮಾಡಬಹುದು. ಕೂತಿದ್ದೀರಾ? ಬೆನ್ನು ನೆಟ್ಟಗೆ ಮಾಡಿ. ಉಸಿರು ಪೂರ್ತಿ ಬಿಡುತ್ತಾ ಹೊಕ್ಕುಳನ್ನು ಬೆನ್ನಿನ ಕಡೆಗೆ ಎಳೆದುಕೊಳ್ಳಿ. ಬೆನ್ನು ತಾನಾಗಿಯೇ ಕಮಾನಾಯಿತು, ಭುಜ ಸ್ವಲ್ಪ ಮುಂದೆ ಬಂತು, ಅಲ್ವಾ? ಈಗ ಉಸಿರು ತೆಗೆದುಕೊಳ್ಳುತ್ತಾ ಕೆಳಗಿನಿಂದ ಮೇಲಕ್ಕೆ ನೆಟ್ಟಗಾಗಿ. ಗ್ರಹಾಂ ಅವರ ಪಾಠದ ಬೇರು ಇದೇ, ಕಾಂಟ್ರಾಕ್ಷನ್ ಮತ್ತು ರಿಲೀಸ್, ಅಂದರೆ ಕುಗ್ಗುವುದು ಮತ್ತು ಬಿಡುವುದು. ಅಳುವಾಗ, ಬಿದ್ದು ಬಿದ್ದು ನಗುವಾಗ ನಮ್ಮ ಹೊಟ್ಟೆ ಮಾಡುವುದೂ ಇದನ್ನೇ. (ಗಾಡಿ ಓಡಿಸುತ್ತಾ ಕೇಳುತ್ತಿರುವವರು ದಯವಿಟ್ಟು ಮನೆಗೆ ಹೋಗಿ ಮಾಡಿ.)

ಕೋರ್ಸಿನಲ್ಲಿ ಇಂಥ ದಿನನಿತ್ಯದ ಸಾಧನೆ ಬೇಕು, ಇಂಪ್ರೊವೈಸೇಶನ್, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ಕುಣಿಯುವುದು ಬೇಕು, ಸ್ವಂತ ನೃತ್ಯ ಕಟ್ಟುವುದನ್ನು ಕಲಿಸಬೇಕು. ಜೊತೆಗೆ ಎಲುಬು, ಕೀಲು, ಸ್ನಾಯುಗಳ ಪಾಠ. 1926ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನೃತ್ಯಕ್ಕೆ ಪದವಿ ಕೋರ್ಸ್ ತಂದ ಮಾರ್ಗರೆಟ್ ಡೌಬ್ಲರ್ ಜೀವಶಾಸ್ತ್ರ ಓದಿದವರು, ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು. ಅವರ ಕ್ಲಾಸಿನಲ್ಲಿ ಒಂದು ಅಸ್ಥಿಪಂಜರ ಇರುತ್ತಿತ್ತು. ನಮ್ಮ ಕಾಲೇಜುಗಳ ಬಯಾಲಜಿ ಲ್ಯಾಬಿನಲ್ಲೂ ಒಂದು ಧೂಳು ಹಿಡಿದು ನಿಂತಿರುತ್ತದೆ, ಎರವಲು ತರಬಹುದು. ಇದನ್ನೆಲ್ಲ ಬಿಟ್ಟು "ನೃತ್ಯದ ವ್ಯಾಖ್ಯಾನ ಬರೆಯಿರಿ, ಹತ್ತು ಅಂಕ" ಅಂತ ಪ್ರಶ್ನೆಪತ್ರಿಕೆ ಮಾಡಿದರೆ ಗೈಡ್ ಮಾರುವವರಿಗೆ ಮಾತ್ರ ಲಾಭ.

ಹುಡುಗರು ಬರುವುದಿಲ್ಲ ಅಂತ ಚಿಂತೆ ಇದ್ದರೆ ಇನ್ನೊಂದು ಸಣ್ಣ ಊರಿನ ಕಥೆ ಕೇಳಿ. 1972ರ ಜನವರಿ, ಒಹಾಯೋ ರಾಜ್ಯದ ಓಬರ್ಲಿನ್ ಕಾಲೇಜು. ಸ್ಟೀವ್ ಪ್ಯಾಕ್ಸ್ಟನ್ ಎಂಬ ನರ್ತಕ ಹುಡುಗರನ್ನೇ ಸೇರಿಸಿಕೊಂಡು ಕುಸ್ತಿ ಮ್ಯಾಟ್ ಮೇಲೆ ಡಿಕ್ಕಿ ಹೊಡೆದು, ಬಿದ್ದು, ಉರುಳಿ, ಕೊನೆಗೆ ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲುವ ಒಂದು ಪ್ರಯೋಗ ಮಾಡಿದ. ಕಾಂಟ್ಯಾಕ್ಟ್ ಇಂಪ್ರೊವೈಸೇಶನ್ ಅಂತ ಇವತ್ತು ಜಗತ್ತಿನಾದ್ಯಂತ ಕಲಿಸುವುದು ಅಲ್ಲಿಂದ ಹೊರಟದ್ದು. ಒಬ್ಬರ ತೂಕ ಇನ್ನೊಬ್ಬರು ಹೊರುವುದು, ಬೀಳುವವನು ಪೆಟ್ಟಾಗದೆ ಬೀಳುವುದು. ನಮ್ಮ ಗರಡಿಮನೆಯ ಹುಡುಗನಿಗೆ, ಗದಗ ಬಾಗಲಕೋಟೆ ಕಡೆಯ ಮಲ್ಲಕಂಬದ ಹುಡುಗಿಗೆ ಇದು ಬೇಗ ಹತ್ತುತ್ತದೆ.

ಆದರೆ ಮುಟ್ಟುವುದರ ಬಗ್ಗೆ ಮೊದಲ ದಿನವೇ ಬಾಯಿಬಿಟ್ಟು ಮಾತಾಡಬೇಕು. ಯಾರು ಯಾರನ್ನು, ಎಲ್ಲಿ, ಹೇಗೆ ಹಿಡಿಯುವುದು, "ಬೇಡ" ಅಂದರೆ ಅದು ಬೇಡವೇ, ಕಾರಣ ಕೇಳುವಂತಿಲ್ಲ. ಮೇಷ್ಟ್ರಿಗೂ ಇದೇ ನಿಯಮ. ಅಪ್ಪ ಅಮ್ಮನನ್ನು ಕರೆದು ಕ್ಲಾಸ್ ತೋರಿಸಬೇಕು. ಇಷ್ಟನ್ನು ಮುಚ್ಚಿಟ್ಟು ನಡೆಸಿದ ಕೋರ್ಸ್ ಒಂದು ಗಾಳಿಮಾತಿಗೆ ಮುಚ್ಚಿಹೋಗುತ್ತದೆ.

ನಮ್ಮ ಕಡೆ ಇರುವ ಕಲೆಗಳ ಮಾತು. ಯಕ್ಷಗಾನದಲ್ಲಿ ಬಡಗು ತಿಟ್ಟಿನವರು ಮಂಡಿ ಹಾಕುವುದು (ಮಂಡಿಯೂರಿ ತಿರುಗುವುದು), ತೆಂಕು ತಿಟ್ಟಿನವರ ಧೀಂಗಿಣ (ನೆಗೆದು ಗಿರಗಿರನೆ ತಿರುಗುವುದು), ಡೊಳ್ಳು ಹೊತ್ತು ಕುಣಿಯುವವರ ಸೊಂಟದ ಬಲ, ಇದೆಲ್ಲ ದೇಹದ ದೊಡ್ಡ ವಿದ್ಯೆ. ವೀರಗಾಸೆಯ ವೇಷ ತೊಡಿಸಿ ಇಂಗ್ಲಿಷ್ ಹಾಡಿಗೆ ಕುಣಿಸಿ ಫ್ಯೂಷನ್ ಅಂತ ಕರೆಯುವುದು ನನಗೆ ಹಿಡಿಸುವುದಿಲ್ಲ. ಆ ಕಲಾವಿದರನ್ನೇ ಕರೆದು ಸಂಬಳ ಕೊಟ್ಟು ಕಲಿಸಿ. ಡಿಗ್ರಿ ಇಲ್ಲ ಅನ್ನುವುದು ನೆಪ ಆಗಬಾರದು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರ ಸಂಸ್ಥೆ ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಒಂದು ಹುದ್ದೆ ತಂದಿದೆ, ಅದರಲ್ಲಿ ಅನುಭವಕ್ಕೆ ಬೆಲೆ, ಪದವಿ ಕಡ್ಡಾಯವಲ್ಲ.

ಹೊಟ್ಟೆಗೇನು ಅಂತ ಕೇಳಿದಿರಲ್ಲ. ಸುಳ್ಳು ಹೇಳುವುದಿಲ್ಲ, ಬರೀ ಸ್ಟೇಜ್ ಮೇಲೆ ಕಂಟೆಂಪರರಿ ಮಾಡಿ ಬದುಕುವವರು ನಮ್ಮ ದೇಶದಲ್ಲಿ ಕಡಿಮೆ. ಆದರೆ ಸಣ್ಣ ಊರಿನಲ್ಲೇ ನೋಡಿ. ಡಿಸೆಂಬರ್, ಜನವರಿ ಬಂತೆಂದರೆ ಪ್ರತಿ ಖಾಸಗಿ ಶಾಲೆಗೂ ವಾರ್ಷಿಕೋತ್ಸವ, ಪ್ರತಿ ಶಾಲೆಗೂ ಡ್ಯಾನ್ಸ್ ಮಾಸ್ಟರ್ ಬೇಕು. ಕಾಲೇಜುಗಳ ಯುವಜನೋತ್ಸವ, ಮದುವೆಯ ಸಂಗೀತ್, ನಾಟಕ ತಂಡಗಳಿಗೆ ಚಲನೆ ಕಲಿಸುವುದು, ಹೆಂಗಸರ ಫಿಟ್‌ನೆಸ್ ಕ್ಲಾಸು, ವಿಶೇಷ ಚೇತನ ಮಕ್ಕಳ ಶಾಲೆ. ಈ ಕೆಲಸಗಳನ್ನು ಈಗ ಯಾರು ಮಾಡುತ್ತಿದ್ದಾರೆ? ಮೊಬೈಲಿನಲ್ಲಿ ನೋಡಿ ಕಲಿತವರು. ಅವರ ಉತ್ಸಾಹಕ್ಕೆ ನನ್ನ ನಮಸ್ಕಾರ, ಆದರೆ ವಾರ್ಮ್ ಅಪ್ ಇಲ್ಲದೆ ಆರು ವರ್ಷದ ಮಗುವಿನ ಬೆನ್ನನ್ನು ಹಿಂದಕ್ಕೆ ಬಗ್ಗಿಸುವುದನ್ನು ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ತರಬೇತಿ ಆದವರಿಗೆ ಅಲ್ಲಿ ಜಾಗ ಇದೆ. ಅದಕ್ಕೆ ಕೋರ್ಸಿನಲ್ಲೇ ಮಕ್ಕಳಿಗೆ ಪಾಠ ಮಾಡುವ ಅಭ್ಯಾಸ, ಲೈಟಿಂಗ್, ಹಾಡು ಎಡಿಟ್ ಮಾಡುವುದು, ಮುಂಗಡ ಕೇಳುವುದು, ಬಿಲ್ ಬರೆಯುವುದು ಇರಬೇಕು. ಕಲಾವಿದರು ದುಡ್ಡಿನ ಮಾತಾಡಬಾರದು ಅನ್ನುವ ಸಂಕೋಚದಲ್ಲಿ ಎಷ್ಟೋ ಹುಡುಗರು ಪುಕ್ಕಟೆ ದುಡಿದಿದ್ದಾರೆ.

ಸರ್ಟಿಫಿಕೇಟ್ ದಾರಿಯೂ ಇದೆ. 2014ರಲ್ಲಿ ಯುಜಿಸಿ ಬಿ.ವೋಕ್, ಅಂದರೆ ಕೆಲಸದ ಕೌಶಲ ಕಲಿಸುವ ಪದವಿಯ ಯೋಜನೆ ತಂದಿತು. ಆ ಯೋಜನೆಯ ಪ್ರಕಾರ ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ, ಮೂರಕ್ಕೆ ಪದವಿ. ನೃತ್ಯಕ್ಕೆ ಈ ಅಚ್ಚು ಚೆನ್ನಾಗಿ ಹೊಂದುತ್ತದೆ. ಮನೆಯ ಕಷ್ಟಕ್ಕೆ ಮಧ್ಯದಲ್ಲಿ ಬಿಟ್ಟವರೂ ಬರಿಗೈಲಿ ಹೋಗುವುದಿಲ್ಲ.

ಮುಂದೆ ಯಾವುದಾದರೂ ಕಾಲೇಜು ಇಂಥ ಕೋರ್ಸ್ ಅಂತ ಬೋರ್ಡ್ ಹಾಕಿದರೆ ಫೀಸ್ ಕಟ್ಟುವ ಮುಂಚೆ ಹೋಗಿ ನೋಡಿ. ಹಾಲ್‌ನಲ್ಲಿ ಚಪ್ಪಲಿ ಬಿಟ್ಟು ಎರಡು ಸಲ ನೆಗೆಯಿರಿ, ನೆಲ ಎಂಥದು ಅಂತ ಕಾಲಿಗೆ ಗೊತ್ತಾಗುತ್ತದೆ. ವಾರಕ್ಕೆ ಎಷ್ಟು ಗಂಟೆ ದೇಹದ ಪಾಠ, ಎಷ್ಟು ಗಂಟೆ ಬೆಂಚಿನ ಪಾಠ ಅಂತ ಕೇಳಿ. ಮೇಷ್ಟ್ರು ಪೂರ್ತಿ ವರ್ಷ ಇರುತ್ತಾರಾ, ಇಲ್ಲ ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬಂದು ಹೋಗುತ್ತಾರಾ ಅಂತ ಕೇಳಿ. ಪೆಟ್ಟಾದರೆ ಯಾವ ಡಾಕ್ಟರು, ಖರ್ಚು ಯಾರದು ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇಷ್ಟಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ಸೇರಿ.

ನಮಸ್ಕಾರ.