ಹುಲಿಗೆ ಎಷ್ಟು ಪಟ್ಟೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಒಂದು ರಾತ್ರಿ ಬಸವನಗುಡಿಯ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಮೊಮ್ಮಗಳ ಕೈಯಲ್ಲಿದ್ದ ಟ್ಯಾಬಿನ ಚಾರ್ಜೂ ಮುಗಿದಿತ್ತು. ಆರು ವರ್ಷದ ಹುಡುಗಿ, ಬೇರೆ ದಾರಿ ಕಾಣದೆ ಅಜ್ಜಿಯ ಮಗ್ಗುಲಿಗೆ ಬಂದು ಕುಳಿತಳು. ನಾನು ಗೋವಿನ ಹಾಡು ಶುರುಮಾಡಿದೆ. ಕಾಳಿಂಗ ಗೊಲ್ಲ ಬಂದ, ಹಸುಗಳನ್ನು ಹೆಸರು ಹಿಡಿದು ಕರೆದ, ಕರುವನ್ನು ನೆನೆಯುತ್ತ ಬಂದ ಪುಣ್ಯಕೋಟಿಗೆ ಹುಲಿ ಅಡ್ಡಗಟ್ಟಿತು. ಅಷ್ಟರಲ್ಲಿ ಕತ್ತಲೆಯೊಳಗಿಂದ ಪ್ರಶ್ನೆ ಬಂತು: "ಅಜ್ಜಿ, ಹುಲಿಗೆ ಎಷ್ಟು ಪಟ್ಟೆ?"

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಈ ಹಾಡನ್ನು ಹೇಳಿಕೊಟ್ಟವಳು ನಾನು. ಹಾಡು ಮುಗಿಯುವಾಗ ಅತ್ತ ಮಕ್ಕಳಿದ್ದಾರೆ, ಹುಲಿ ಯಾಕೆ ಸಾಯಬೇಕು ಎಂದು ಜಗಳ ತೆಗೆದವರಿದ್ದಾರೆ. ಪಟ್ಟೆ ಎಷ್ಟು ಎಂದು ಯಾರೂ ಕೇಳಿರಲಿಲ್ಲ. ಹಾಡಿನಲ್ಲಿ ಹುಲಿಗೆ ಅರ್ಭುತ ಎಂಬ ಹೆಸರಿದೆ, ಹಸಿವಿದೆ, ಕೊನೆಗೆ ನಾಚಿಕೆಯೂ ಇದೆ. ಪಟ್ಟೆಯ ಮಾತೇ ಇಲ್ಲ. "ನಿನಗೆ ಎಷ್ಟು ಬೇಕೋ ಅಷ್ಟು" ಎಂದೆ. ಅವಳು ಒಪ್ಪಲಿಲ್ಲ. ತಾನು ಮೊಬೈಲಿನಲ್ಲಿ ನೋಡಿದ ಹುಲಿಯ ಹಣೆಯ ಮೇಲೆ ಮೂರೇ ಪಟ್ಟೆ ಇತ್ತಂತೆ. ಹಾಗಾದರೆ ಮೂರು ಎಂದು ಒಪ್ಪಿಕೊಂಡು ಹಾಡು ಮುಂದುವರಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟುಹೋಗಲಿಲ್ಲ. ಇವತ್ತು ನಿಮ್ಮ ಮುಂದೆ ಅದನ್ನೇ ಇಡುತ್ತಿದ್ದೇನೆ.

ಕಥೆ ಹೇಳುವ ಅಜ್ಜಿ "ಒಂದೂರಲ್ಲಿ ಒಬ್ಬ ರಾಜ" ಎಂದು ಹೇಳಿ ಮುಂದೆ ಹೋಗುತ್ತಾಳೆ. ಚಿತ್ರ ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ರಾಜನಿಗೆ ಮೀಸೆ ಇದೆಯೇ, ಹೊಟ್ಟೆ ಮುಂದೆ ಬಂದಿದೆಯೇ, ನಡೆದರೆ ಸೆರಗು ಯಾವ ಕಡೆ ಹಾರುತ್ತದೆ, ಎಲ್ಲದಕ್ಕೂ ಉತ್ತರ ಬೇಕು. ಅನಿಮೇಷನ್ನಿನಲ್ಲಂತೂ ಒಂದು ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಗ್ಗಿಸಿದರೂ ಸೆಕೆಂಡಿಗೆ 12 ಚಿತ್ರ. ಮೂವತ್ತು ಪಟ್ಟೆಯ ಹುಲಿಯೊಂದು ಒಂದು ನಿಮಿಷ ನಡೆದಾಡಬೇಕೆಂದರೆ 720 ಚಿತ್ರ, 21,600 ಪಟ್ಟೆ. ಕೈಯಲ್ಲಿ ಬರೆದ ಕಾಲದ ಹುಲಿಗಳಿಗೆ ಪಟ್ಟೆ ಕಡಿಮೆ ಇದ್ದರೆ ಆಶ್ಚರ್ಯಪಡಬೇಕಿಲ್ಲ. ಚುಕ್ಕಿ ನಾಯಿಗಳ ಕಥೆಯೊಂದನ್ನು ಡಿಸ್ನಿ ಸಂಸ್ಥೆ 1961ರಲ್ಲಿ ಚಿತ್ರ ಮಾಡಿದಾಗ ಅರವತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ ಎಂದು ಲೆಕ್ಕ ಕೊಟ್ಟಿತ್ತು. ಪೆನ್ಸಿಲ್ ಗೆರೆಯನ್ನು ನೇರವಾಗಿ ಹಾಳೆಯ ಮೇಲಿಳಿಸುವ ಜೆರಾಕ್ಸ್ ವಿಧಾನ ಆಗ ಕೈಗೆ ಸಿಗದಿದ್ದರೆ ಆ ನಾಯಿಗಳು ಹುಟ್ಟುತ್ತಲೇ ಇರಲಿಲ್ಲವೇನೋ.

ಕಥೆಯನ್ನು ಕೆಡಿಸಿದರು, ಬದಲಿಸಿದರು ಎಂದು ನಾವು ಗೊಣಗುತ್ತೇವಲ್ಲ, ಆ ಬದಲಾವಣೆಗಳಲ್ಲಿ ಅರ್ಧದಷ್ಟು ಇಂಥ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಎಂಬುದು ನನಗೆ ಆಮೇಲೆ ಹೊಳೆಯಿತು. ಕಥೆ ತಾನು ಕೇಳಿಯೇ ಇರದ ಪ್ರಶ್ನೆಗಳು.

ಸ್ನೋ ವೈಟ್ ಕಥೆಯನ್ನು ನೋಡಿ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಸಂಪುಟದಲ್ಲಿ ಏಳು ಜನ ಕುಳ್ಳರಿದ್ದಾರೆ. ಅಷ್ಟೇ, ಏಳು ಜನ. ಹೆಸರಿಲ್ಲ, ಗುಣವಿಲ್ಲ. ಕಿವಿಗೆ ಏಳು ಎಂಬ ಸಂಖ್ಯೆಯೇ ಸಾಕು. ಕಣ್ಣಿಗೆ ಸಾಲದು. ಒಂದೇ ಅಚ್ಚಿನ ಏಳು ಮುದುಕರು ಪರದೆಯ ಮೇಲೆ ಓಡಾಡಿದರೆ ಯಾರು ಬಂದರು, ಯಾರು ಹೋದರು ಎಂದೇ ತಿಳಿಯದು. ಹಾಗಾಗಿ 1937ರ ಡಿಸ್ನಿ ಚಿತ್ರದಲ್ಲಿ ಸೀನುವವನೊಬ್ಬ, ತೂಕಡಿಸುವವನೊಬ್ಬ, ಸಿಡುಕನೊಬ್ಬ, ಬಾಯಿಯೇ ತೆರೆಯದ ಪೆದ್ದನೊಬ್ಬ ಹುಟ್ಟಿಕೊಂಡರು. ಈಗ ಜಗತ್ತಿನ ಯಾವ ಮಗುವನ್ನು ಕೇಳಿದರೂ ಅವರು ಮೊದಲಿನಿಂದಲೇ ಹಾಗಿದ್ದರು ಎನ್ನುತ್ತದೆ.

ಮುತ್ತು ಕೊಟ್ಟು ಎಬ್ಬಿಸುವುದೂ ಗ್ರಿಮ್ ಕಥೆಯಲ್ಲಿಲ್ಲ. ಗಾಜಿನ ಪೆಟ್ಟಿಗೆ ಹೊತ್ತ ಆಳುಗಳು ಎಡವುತ್ತಾರೆ, ಪೆಟ್ಟಿಗೆ ಅಲುಗುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡಿದ್ದ ಸೇಬಿನ ಚೂರು ಹೊರಗೆ ಬೀಳುತ್ತದೆ. ಹೇಳಿದರೆ ಚೆನ್ನಾಗಿರುತ್ತದೆ, ಬರೆದು ತೋರಿಸಿದರೆ ಜನ ನಗುತ್ತಾರೆ. ರಾಣಿಯ ಶಿಕ್ಷೆಯಂತೂ ಭೀಕರ. ಮದುವೆಗೆ ಬಂದವಳಿಗೆ ಕೆಂಪಗೆ ಕಾದ ಕಬ್ಬಿಣದ ಪಾದರಕ್ಷೆ ತೊಡಿಸಿ ಸಾಯುವವರೆಗೆ ಕುಣಿಸುತ್ತಾರೆ. ನಾನು ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರೆ ಮಗು ಹೂಂ ಎಂದು ಮಗ್ಗುಲಾಗಿ ಮಲಗುತ್ತದೆ. ಆ ಪಾದಗಳನ್ನೇ ತೋರಿಸಿದರೆ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಚಿತ್ರದಲ್ಲಿ ಅವಳು ಬಂಡೆಯ ಅಂಚಿನಿಂದ ಉರುಳುತ್ತಾಳೆ, ರಣಹದ್ದುಗಳು ಸುತ್ತುತ್ತ ಕೆಳಗಿಳಿಯುತ್ತವೆ. ಸತ್ತದ್ದನ್ನು ನಾವು ನೋಡುವುದಿಲ್ಲ. ಚಿತ್ರಕಾರರು ಅಜ್ಜಿಯ ಜಾಣತನವನ್ನು ಕಲಿತದ್ದು ಅಲ್ಲಿ. ಇನ್ನು ಮೂಲ ಮೂಲ ಎಂದು ಹಟ ಹಿಡಿಯುವವರಿಗೆ ಒಂದು ಮಾತು. 1812ರ ಮುದ್ರಣದಲ್ಲಿ ಆ ರಾಣಿ ಹೆತ್ತ ತಾಯಿ. ಅವಳನ್ನು ಮಲತಾಯಿ ಮಾಡಿದ್ದು ಗ್ರಿಮ್ ಸಹೋದರರೇ, 1819ರ ಮುದ್ರಣದಲ್ಲಿ. ತಿದ್ದುವ ಕೆಲಸ ಸಿನಿಮಾದವರಿಗಿಂತ ನೂರು ವರ್ಷ ಮೊದಲೇ ಶುರುವಾಗಿತ್ತು.

ಮತ್ಸ್ಯಕನ್ಯೆಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಕರಗಿಲ್ಲ. ಡೆನ್ಮಾರ್ಕಿನ ಆಂಡರ್ಸನ್ 1837ರಲ್ಲಿ ಬರೆದ ಕಥೆಯಲ್ಲಿ ಅಕ್ಕಂದಿರು ತಮ್ಮ ಉದ್ದ ಕೂದಲನ್ನು ಕತ್ತರಿಸಿ ಮಾಟಗಾತಿಗೆ ಕೊಟ್ಟು ಒಂದು ಚೂರಿ ತರುತ್ತಾರೆ. ರಾಜಕುಮಾರನನ್ನು ಕೊಂದರೆ ತಂಗಿ ಉಳಿಯುತ್ತಾಳೆ. ಅವಳು ಚೂರಿಯನ್ನು ಸಮುದ್ರಕ್ಕೆಸೆದು ನೊರೆಯಾಗುತ್ತಾಳೆ, ಗಾಳಿಯ ಮಗಳಾಗುತ್ತಾಳೆ. 1989ರ ಚಿತ್ರದವರು ಅವಳಿಂದ ಕಿತ್ತುಕೊಂಡ ದನಿಯನ್ನು ಶಂಖದ ಚಿಪ್ಪಿನೊಳಗೆ ಹೊಳೆಯುವ ಬೆಳಕಾಗಿ ಬರೆದರು. ದನಿಯನ್ನು ಕಣ್ಣಿಗೆ ತೋರಿಸುವ ಬಗೆ ಅದು, ಮೆಚ್ಚಲೇಬೇಕು. ಆದರೆ ಕೊನೆಗೆ ಮದುವೆ ಮಾಡಿ ಕಳಿಸಿದರು. ಬೋಳು ತಲೆಯ ಆ ಅಕ್ಕಂದಿರು ಅಲೆಗಳ ಮೇಲೆ ಬರುವ ದೃಶ್ಯವನ್ನು ಯಾರು ಬರೆಯುತ್ತಾರೆ ಎಂದು ನಾನು ಇನ್ನೂ ಕಾಯುತ್ತಿದ್ದೇನೆ.

ಪಿನೋಕಿಯೋ ಕಥೆಯಲ್ಲಿ ಬುದ್ಧಿ ಹೇಳಲು ಬಂದ ಜೀರುಂಡೆಯನ್ನು ಹುಡುಗ ಸುತ್ತಿಗೆ ಎಸೆದು ಕೊಂದೇಬಿಡುತ್ತಾನೆ. ಸಿನಿಮಾದಲ್ಲಿ ಅದೇ ಜೀರುಂಡೆ ಟೋಪಿ ಹಾಕಿಕೊಂಡು ಕೊನೆಯವರೆಗೂ ಹಾಡುತ್ತದೆ. ಅಧ್ಯಾಪಕಿಯಾಗಿದ್ದ ನನಗೆ ಎರಡೂ ಸತ್ಯವೆನ್ನಿಸುತ್ತದೆ.

ನಮ್ಮಲ್ಲೂ ಒಗ್ಗಿಸಿಕೊಂಡವರು ಕಡಿಮೆಯೇನಿಲ್ಲ. ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಪಟ್ಟಣ ವೇಸರ್ ನದಿಯ ದಡದಲ್ಲಿತ್ತು, ಕುವೆಂಪು ಅದನ್ನು ತುಂಗೆಯ ದಡದ ಬೊಮ್ಮನಹಳ್ಳಿ ಮಾಡಿದರು, ಕೊಳಲಿನವನು ಕಿಂದರಿಜೋಗಿಯಾದ. ನನ್ನ ಮೊಮ್ಮಗಳಿಗೆ ಬೊಮ್ಮನಹಳ್ಳಿ ಎಂದರೆ ಹೊಸೂರು ರಸ್ತೆಯದ್ದು. ಅಲ್ಲಿಯ ಮೇಲ್ಸೇತುವೆಯ ಕೆಳಗೆ ಇಲಿಗಳು ಸಿಗ್ನಲ್ಲಿಗೆ ಕಾಯುತ್ತ ನಿಂತದ್ದನ್ನು ಅವಳು ನೋಡಿಯಾಗಿದೆ, ಮನಸ್ಸಿನಲ್ಲಿ. ಕುವೆಂಪು ಇಲಿಗಳನ್ನು ಅಣ್ಣಿಲಿ, ತಮ್ಮಿಲಿ, ಅವ್ವಿಲಿ, ಅಪ್ಪಿಲಿ ಎಂದು ಪೂರಾ ನಂಟಸ್ತನ ಹಚ್ಚಿ ಓಡಿಸುತ್ತಾರೆ. ಹೆಸರಿನಲ್ಲೇ ಇಲಿ ಓಡುತ್ತದೆ. ಇದನ್ನು ಯಾವ ಕಂಪ್ಯೂಟರಿನಲ್ಲಿ ಬರೆಯುವುದು?

ಪರದೆಯ ಮೇಲಿನ ಕಥೆ ಕನ್ನಡದಲ್ಲಿ ಮಾತನಾಡಿದ್ದು ಬಹಳ ತಡವಾಗಿ. ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡು ದಶಕಗಳ ಕಾಲ ಇದ್ದ ನಾಡು ನಮ್ಮದು. ತೊಂಬತ್ತರ ದಶಕದಲ್ಲಿ ನನ್ನ ಮಗ ದೂರದರ್ಶನದಲ್ಲಿ ನೋಡಿದ ಜಪಾನಿನ ಕಾರ್ಟೂನಿನ ಮೋಗ್ಲಿ, ತೋಳಗಳು ಸಾಕಿದ ಹುಡುಗ, ಹಿಂದಿ ಮಾತನಾಡುತ್ತಿದ್ದ. 2020ರಲ್ಲಿ ಬೆಂಗಳೂರಿನ ನಿರ್ದೇಶಕರೊಬ್ಬರು ಜನರಿಂದ ಹಣ ಕೂಡಿಸಿ ಪುಣ್ಯಕೋಟಿಯ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರ ಮಾಡಿದರು, ಅದರ ಭಾಷೆ ಸಂಸ್ಕೃತ. ಕರ್ನಾಟ ದೇಶದ ಹಸು ಸಂಸ್ಕೃತದಲ್ಲಿ ಅಂಬಾ ಎಂದಿತು. ಸಾಹಸಕ್ಕೆ ನಮಸ್ಕಾರ, ಆದರೂ ಒಂದು ಚೂರು ಹೊಟ್ಟೆಕಿಚ್ಚು.

ಮೋಗ್ಲಿಯ ಮಾತು ಬಂತಲ್ಲ. ಇಂಗ್ಲಿಷ್ ಲೇಖಕ ಕಿಪ್ಲಿಂಗ್ ಆ ಜಂಗಲ್ ಬುಕ್ ಕಥೆಗಳನ್ನು ಅಮೆರಿಕದಲ್ಲಿ ಕುಳಿತು ಬರೆದ, ಕಾಡು ಮಾತ್ರ ನಮ್ಮ ಮಧ್ಯಪ್ರದೇಶದ ಸಿಯೋನಿಯದು. ಪುಸ್ತಕದ ಮಂಗಗಳಿಗೆ ನಾಯಕನೇ ಇಲ್ಲ, ಇಲ್ಲದಿರುವುದೇ ಅವುಗಳ ಗುಣ. 1967ರ ಚಿತ್ರದಲ್ಲಿ ಒಬ್ಬ ರಾಜ ಬಂದ, ಅವನೂ ಒರಾಂಗುಟಾನ್. ಭಾರತದ ಕಾಡಿನಲ್ಲಿ ಒರಾಂಗುಟಾನ್ ಎಲ್ಲಿಂದ ಬರಬೇಕು? 2016ರಲ್ಲಿ ಮತ್ತೆ ಚಿತ್ರ ಮಾಡಿದವರಿಗೆ ಈ ತಪ್ಪು ಗೊತ್ತಿತ್ತು. ಅವರು ಅವನನ್ನು ಎಂದೋ ಅಳಿದುಹೋದ ದೈತ್ಯ ವಾನರ ಜೈಗಾಂಟೋಪಿಥೆಕಸ್ ಮಾಡಿ ತಿದ್ದಿದರು. ಅವನನ್ನು ತೆಗೆದುಬಿಡುವ ಯೋಚನೆ ಯಾರಿಗೂ ಬಂದಂತಿಲ್ಲ! ಆ ಚಿತ್ರ ಚಿತ್ರೀಕರಣವಾದದ್ದು ಲಾಸ್ ಏಂಜಲೀಸಿನ ಒಳಾಂಗಣದಲ್ಲಿ. ಪ್ರಾಣಿಗಳ ಕೆಲಸದಲ್ಲಿ ಒಂದು ದೊಡ್ಡ ಪಾಲು ನಡೆದದ್ದು ಇಲ್ಲೇ, ಬೆಂಗಳೂರಿನ ಸ್ಟುಡಿಯೊದಲ್ಲಿ. ಸಿಯೋನಿಯ ಕಾಡು ಇಷ್ಟು ದೂರ ಸುತ್ತಿ ಮನೆಯ ಹತ್ತಿರಕ್ಕೆ ಬಂದಿತ್ತು.

ಇಂಥದೇ ಕೆಲಸ ಮಾಡುವ ಹುಡುಗನೊಬ್ಬ ನಮ್ಮ ಬೀದಿಯಲ್ಲಿದ್ದಾನೆ. ಪಟ್ಟೆಯ ಪ್ರಶ್ನೆಯನ್ನು ಅವನ ಮುಂದಿಟ್ಟೆ. ಅವನು ನಗಲಿಲ್ಲ. ಹುಲಿಯ ಎಡಮಗ್ಗುಲ ಪಟ್ಟೆ ಬಲಮಗ್ಗುಲಂತೆ ಇರುವುದಿಲ್ಲ, ಒಂದರ ಪಟ್ಟೆ ಇನ್ನೊಂದಕ್ಕಿಲ್ಲ, ಎಣಿಸುವುದಕ್ಕಿಂತ ಅದೇ ಕಷ್ಟ ಎಂದ. ತಾನು ನಾಲ್ಕು ತಿಂಗಳು ಒಂದು ಪ್ರಾಣಿಯ ಕುತ್ತಿಗೆಯ ಒದ್ದೆ ಕೂದಲು ಮಾತ್ರ ಮಾಡಿದ್ದೇನೆ ಎಂದೂ ಹೇಳಿದ. ಕೂದಲು ಒದ್ದೆಯಾದರೆ ಎಳೆಗಳು ಅಂಟಿಕೊಂಡು ಜಡೆಜಡೆಯಾಗುತ್ತವೆ, ಸಂದಿನಲ್ಲಿ ಚರ್ಮ ಕಾಣುತ್ತದೆ. ಅದಕ್ಕಾಗಿ ಅವನು ಮಳೆಯಲ್ಲಿ ನೆನೆದ ಬೀದಿನಾಯಿಗಳ ಹಿಂದೆ ಮೊಬೈಲು ಹಿಡಿದು ಓಡಾಡಿದ್ದನಂತೆ. ಚಿತ್ರದಲ್ಲಿ ಆ ಕುತ್ತಿಗೆ ಇದ್ದದ್ದು ಹನ್ನೊಂದು ಸೆಕೆಂಡು.

ಎಲ್ಲವನ್ನೂ ತೋರಿಸಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕತ್ತರಿ ಹಿಡಿದು ಕಪ್ಪು ಕಾಗದದ ಗೊಂಬೆಗಳನ್ನು ಕತ್ತರಿಸಿ, ಕೀಲಿಗೆ ತಂತಿ ಕಟ್ಟಿ, ಗಾಜಿನ ಕೆಳಗಿನಿಂದ ಬೆಳಕು ಕೊಟ್ಟು, ಮೂರು ವರ್ಷ ದುಡಿದು ಅರೇಬಿಯನ್ ನೈಟ್ಸಿನ ಕಥೆಯೊಂದನ್ನು 1926ರಲ್ಲಿ ತೆರೆಗೆ ತಂದಳು. ಈಗ ಉಳಿದಿರುವ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಗೊಂಬೆಗಳಿಗೆ ಕಣ್ಣು ಮೂಗಿನ ವಿವರವಿಲ್ಲ, ಬರೀ ನೆರಳು. ಬೆರಳು ಮಡಿಸುವ ರೀತಿಯಲ್ಲೇ ನಾಚಿಕೆ ತಿಳಿಯುತ್ತದೆ. ನಮಗಿದು ಹೊಸದೇ? ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ತೊಗಲು ಗೊಂಬೆಗಳಿವೆ, ಒಮ್ಮೆ ಹೋಗಿ ನೋಡಿ. ಚರ್ಮವನ್ನು ಹದ ಮಾಡಿ, ತೂತು ಕೊರೆದು, ಬಣ್ಣ ತುಂಬಿದ ಗೊಂಬೆಗಳು. ಬೆಳಕಿಗೆ ಹಿಡಿದರೆ ತೂತುಗಳೇ ಒಡವೆಯಾಗುತ್ತವೆ. ಒಂದೇ ಪಾತ್ರಕ್ಕೆ ಕೋಪಕ್ಕೊಂದು, ದುಃಖಕ್ಕೊಂದು ಬೇರೆ ಬೇರೆ ಗೊಂಬೆ. ಒಂದು ಪಾತ್ರಕ್ಕೆ ಒಂದೇ ಮುಖ ಎಂಬ ಹಟ ಈ ಗೊಂಬೆಗಳನ್ನು ಆಡಿಸುವ ನಮ್ಮ ಕಿಳ್ಳೇಕ್ಯಾತರಿಗೆ ಇರಲಿಲ್ಲ.

ನನ್ನ ತಕರಾರು ಇರುವುದೂ ಅಷ್ಟೇ. ಬದಲಿಸಿದರು ಎಂದಲ್ಲ, ಬದಲಿಸಿದ ಮೇಲೆ ಅದೊಂದೇ ಮುಖ ಉಳಿಯಿತು ಎಂದು. ಸಿಂಡರೆಲಾ ಎಂದೊಡನೆ ಎಲ್ಲರ ಕಣ್ಣಿಗೂ ಗಾಜಿನ ಪಾದರಕ್ಷೆಯೇ ಬರುತ್ತದೆ. ಆದರೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಸಿಂಡರೆಲಾ ಬೇರೆಯೇ ಇದ್ದಾಳೆ. ಹೊನ್ನಿನ ಕೂದಲಿನ ಹುಡುಗಿ, ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟು ಹೊರಡುತ್ತಾಳೆ. ಆ ಮುಖವಾಡದಿಂದಲೇ ಅವಳಿಗೆ ಹಂಚಿ ಎಂಬ ಹೆಸರು. ಅವಳು ಮನೆ ಬಿಡುವ ಕಾರಣವನ್ನು ಆರು ವರ್ಷದವರಿಗೆ ಹೇಳುವಂತಿಲ್ಲ, ನಾನು ಅದನ್ನು ಅಜ್ಜಿಯರ ಹಕ್ಕಿನಿಂದ ಹಾರಿಸಿಬಿಟ್ಟೆ. ಉಳಿದದ್ದನ್ನು ಮೊನ್ನೆ ಭಾನುವಾರ ಮೊಮ್ಮಗಳಿಗೆ ಹೇಳಿದೆ.

ಕೇಳಿ ಮುಗಿಸಿ ಅವಳು ಹಾಳೆ ತೆಗೆದುಕೊಂಡಳು. ಒಂದು ದೊಡ್ಡ ಗುಂಡು, ಅದರೊಳಗೆ ಎರಡು ತೂತು, ಸುತ್ತ ಹಳದಿ ಗೆರೆಗಳು. ಗುಂಡಿನ ಒಳಗೆಲ್ಲ ಕಂದು ಬಣ್ಣ ತುಂಬತೊಡಗಿದಳು. "ಮುಖ ಬರೆಯುವುದಿಲ್ಲವೇ?" ಎಂದು ಕೇಳಿದೆ.

"ಅದು ಒಳಗಿದೆಯಲ್ಲ ಅಜ್ಜಿ, ಹೇಗೆ ಕಾಣುತ್ತದೆ?" ಎಂದಳು.

ಅರ್ಧ ತುಂಬುವಷ್ಟರಲ್ಲಿ ಕಂದು ಪೆನ್ಸಿಲು ಮುಗಿಯಿತು. ಇಲ್ಲಿಂದ ಹೋಗುವಾಗ ಗಾಂಧಿ ಬಜಾರಿನಲ್ಲಿ ಒಂದು ಕೊಂಡುಕೊಳ್ಳಬೇಕು. ನಮಸ್ಕಾರ.